ಕಂಟ್ರೋಲ್ ಡಿ ಒತ್ತಿದರೆ ಇನ್ನೊಂದು ಕಿಟಕಿ

ಅಣ್ಣಯ್ಯ, ಬೇಲಿ ಈಚೆ ನಿಂತೇ ಹೇಳಿಬಿಡ್ತೀನಿ. ಒಳಗೆ ಬಂದರೆ ಅತ್ತಿಗೆ ಕಾಫಿಗೆ ಇಡ್ತಾರೆ, ಮಾತು ಬೇರೆ ಕಡೆ ಹೋಗುತ್ತೆ. ನಿಮ್ಮ ಮೊಮ್ಮಗ ಬಸ್ ಸ್ಟ್ಯಾಂಡ್ ಹತ್ತಿರ ಸ್ಟುಡಿಯೋ ಇಡ್ತಾನೆ ಅನ್ನೋದು ಒಳ್ಳೇ ಸುದ್ದಿ. ನಾನು ಫೋಟೊಶಾಪ್ ಬಿಟ್ಟು ಗಿಂಪ್ ಹಿಡಿದದ್ದು ಅವನಿಗೆ ಗೊತ್ತಿದೆ. "ಚಿಕ್ಕಪ್ಪ ಬಿಟ್ಟಿದ್ದಾರಲ್ಲ, ನಾನೂ ಅದನ್ನೇ ಹಾಕ್ಕೊಳ್ಳಲಾ?" ಅಂತ ನಿಮ್ಮ ಹತ್ತಿರ ಕೇಳಿದನಂತೆ. ಹಾಕ್ಕೊಳ್ಳಲಿ ಅಂತಲೇ ನಾನು ಹೇಳೋದು. ಆದರೆ ಫೋಟೊಶಾಪಿನಲ್ಲಿ ಕೈ ಪಳಗಿದ ಹುಡುಗ ಅವನು, ಮೊದಲ ವಾರವೇ ಸಿಟ್ಟು ಬಂದು ಎದ್ದು ಹೋಗ್ತಾನೆ. ಆ ಸಿಟ್ಟು ಎಲ್ಲಿಂದ ಬರುತ್ತೆ ಅಂತ ಮೊದಲೇ ಗೊತ್ತಿದ್ದರೆ ಕೂತಿರ್ತಾನೆ.

ನೀವು ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವರು, ನಿಮಗೆ ಇದು ಬೇಗ ಹತ್ತುತ್ತೆ. ಕೇಸಿನಲ್ಲಿ ಯಾವ ಮನೆಯಲ್ಲಿ ಯಾವ ಅಕ್ಷರ, ಯಾವ ಮೂಲೆಯಲ್ಲಿ ಯಾವ ಒತ್ತು ಅಂತ ನಿಮ್ಮ ಕೈಗೆ ಗೊತ್ತಿತ್ತು. ಕಣ್ಣು ಕಾಪಿ ಮೇಲೆ, ಬೆರಳು ಕೇಸಿನಲ್ಲಿ. ಅದೇ ಮೊಳೆ, ಅದೇ ಕನ್ನಡ, ಆದರೆ ಬೇರೆ ಪ್ರೆಸ್ಸಿನವರು ಮನೆಗಳನ್ನು ಬೇರೆ ಥರ ಇಟ್ಟಿದ್ದರೆ? ನೀವು ಕೆಲಸ ಮರೆತವರಲ್ಲ, ಆದರೂ ಒಂದು ಸ್ಟಿಕ್ ತುಂಬೋದಕ್ಕೆ ಹೊತ್ತು ಹಿಡಿಯುತ್ತೆ. ಈ ಹುಡುಗನಿಗೂ ಆಗೋದು ಅದೇ.

ಕೀಲಿಗಳಿಂದಲೇ ಶುರು ಮಾಡ್ತೀನಿ. ಫೋಟೊಶಾಪಿನಲ್ಲಿ ಒಂದು ಭಾಗ ಸೆಲೆಕ್ಟ್ ಮಾಡಿ ಕೆಲಸ ಮುಗಿಸಿದ ಮೇಲೆ ಆ ಗೆರೆ ತೆಗೆಯೋದಕ್ಕೆ ಕಂಟ್ರೋಲ್ ಡಿ. ದಿನಕ್ಕೆ ಎಷ್ಟು ಸಲ ಒತ್ತುತ್ತಾರೋ ಲೆಕ್ಕ ಇಲ್ಲ, ಉಸಿರಾಡಿದ ಹಾಗೆ ಒತ್ತುತ್ತಾರೆ. ಗಿಂಪಿನಲ್ಲಿ ಅದೇ ಕಂಟ್ರೋಲ್ ಡಿ ಒತ್ತಿದರೆ ಇಡೀ ಫೋಟೊದ ಇನ್ನೊಂದು ಪ್ರತಿ ತೆರೆದುಕೊಳ್ಳುತ್ತೆ. ಸೆಲೆಕ್ಷನ್ ತೆಗೆಯೋದಕ್ಕೆ ಅಲ್ಲಿ ಕಂಟ್ರೋಲ್ ಶಿಫ್ಟ್ ಎ. ಫೋಟೊಶಾಪಿನಲ್ಲಿ ಎಂ ಒತ್ತಿದರೆ ಚೌಕ ಸೆಲೆಕ್ಷನ್, ಇಲ್ಲಿ ಎಂ ಒತ್ತಿದರೆ ಜರುಗಿಸೋ ಸಾಧನ. ಅಲ್ಲಿ ಬಿ ಅಂದರೆ ಬ್ರಷ್, ಇಲ್ಲಿ ಬಿ ಒತ್ತಿದರೆ ಪಾತ್ ಬರುತ್ತೆ, ಬ್ರಷ್‌ಗೆ ಪಿ ಒತ್ತಬೇಕು. ಅಲ್ಲಿ ಪಿ ಅಂದರೆ ಪೆನ್, ಅಂದರೆ ಪಾತ್! ಎರಡೂ ಅದಲುಬದಲು. ಇನ್ನು ಕಂಟ್ರೋಲ್ ಐ: ಅಲ್ಲಿ ಬಣ್ಣ ತಿರುಗಿ ನೆಗೆಟಿವ್ ಆಗುತ್ತೆ, ಇಲ್ಲಿ ಸೆಲೆಕ್ಷನ್ ತಿರುಗುತ್ತೆ. ಕಂಟ್ರೋಲ್ ಇ ಅಲ್ಲಿ ಎರಡು ಲೇಯರ್ ಒಂದು ಮಾಡುತ್ತೆ, ಇಲ್ಲಿ ಎಕ್ಸ್‌ಪೋರ್ಟ್. ಲೆವೆಲ್ಸ್‌ಗೆ ಕಂಟ್ರೋಲ್ ಎಲ್, ಕರ್ವ್ಸ್‌ಗೆ ಕಂಟ್ರೋಲ್ ಎಂ ಅಂತ ಅಲ್ಲಿ ಬೆರಳಿಗೆ ಅಂಟಿರುತ್ತೆ, ಇಲ್ಲಿ ಆ ಎರಡಕ್ಕೂ ಕೀಲಿಯನ್ನೇ ಕೊಟ್ಟಿಲ್ಲ, ನಾವೇ ಕೊಟ್ಕೋಬೇಕು.

"ಹಾಗಾದ್ರೆ ಕೀಲಿ ಎಲ್ಲಾ ಹಳೇದರ ಹಾಗೇ ಮಾಡ್ಕೊಂಡ್ರಾಯ್ತಲ್ಲ ತಮ್ಮಾ" ಅಂತೀರಿ. ಮಾಡ್ಕೋಬಹುದು. ಎಡಿಟ್ ಮೆನುವಿನಲ್ಲಿ ಕೀಬೋರ್ಡ್ ಶಾರ್ಟ್‌ಕಟ್ ಅಂತಲೇ ಇದೆ, ಯಾವ ಕೆಲಸಕ್ಕೆ ಯಾವ ಕೀಲಿ ಬೇಕೋ ಇಟ್ಕೋಬಹುದು. ಫೋಟೊಗಿಂಪ್ ಅಂತ ಒಂದು ಸಿದ್ಧ ವೇಷವೂ ಸಿಗುತ್ತೆ, ಹಾಕಿದರೆ ಸಾಧನಗಳ ಜಾಗ, ಕೀಲಿ ಎಲ್ಲಾ ಫೋಟೊಶಾಪಿನ ಹಾಗೆ ಕಾಣುತ್ತೆ. ನನಗೆ ಅದು ಹಿಡಿಸಲ್ಲ, ಕಾರಣ ಹೇಳ್ತೀನಿ. ಹೊರಗೆ ಫೋಟೊಶಾಪ್ ಅಂತ ಕಂಡರೆ ಕೈ ಒಳಗೂ ಫೋಟೊಶಾಪನ್ನೇ ಹುಡುಕುತ್ತೆ. ಒಳಗೆ ಇರೋದು ಬೇರೆ. ಲೇಯರಿನ ನಡತೆ ಬೇರೆ, ಸೇವ್ ಮಾಡೋ ರೀತಿ ಬೇರೆ. ಆಗ ಸಿಟ್ಟು ಎರಡು ಪಾಲು ಆಗುತ್ತೆ. ದಿನವಿಡೀ ಒತ್ತೋ ಕೆಲವು ಕೀಲಿ ಮಾತ್ರ ಬದಲಿಸಿಕೊಂಡು, ಉಳಿದದ್ದನ್ನು ಅದು ಇರೋ ಹಾಗೇ ಕಲಿಯೋದು ವಾಸಿ. ಎಲ್ಲಿದೆ ಅಂತ ಸಿಗದೇ ಹೋದರೆ ಓರೆಗೆರೆಯ ಕೀಲಿ ಒತ್ತಿದರೆ ಸಾಕು, ಹುಡುಕೋ ಪೆಟ್ಟಿಗೆ ತೆರೆಯುತ್ತೆ, ಬೇಕಾದ ಕೆಲಸದ ಹೆಸರು ಬರೆದರೆ ಅದೇ ತಂದುಕೊಡುತ್ತೆ.

ಒಂದು ಕೀಲಿಯಲ್ಲಿ ಮಾತ್ರ ಗಿಂಪ್ ಮೊದಲಿಂದ ಸರಿ ಇತ್ತು, ಇದನ್ನ ಅವನಿಗೆ ಹೇಳಿ. ತಪ್ಪಾದದ್ದನ್ನ ಹಿಂದಕ್ಕೆ ತೆಗೆಯೋ ಕಂಟ್ರೋಲ್ ಝಡ್. ಫೋಟೊಶಾಪಿನಲ್ಲಿ ಬಹಳ ಕಾಲ ಅದನ್ನ ಒಂದು ಸಲ ಒತ್ತಿದರೆ ಹಿಂದೆ, ಇನ್ನೊಂದು ಸಲ ಒತ್ತಿದರೆ ಮತ್ತೆ ಮುಂದೆ. ಇನ್ನೂ ಹಿಂದೆ ಹೋಗೋದಕ್ಕೆ ಆಲ್ಟ್ ಸೇರಿಸಿ ಒತ್ತಬೇಕಿತ್ತು. 2018ರ ಕೊನೆಗೆ ಬಂದ ಆವೃತ್ತಿಯಲ್ಲಿ ಅದನ್ನ ಬದಲಿಸಿ, ಒತ್ತಿದಷ್ಟೂ ಹಿಂದೆ ಹೋಗೋ ಹಾಗೆ ಮಾಡಿದರು. ಆಗ ಹಳೇ ಫೋಟೊಶಾಪಿನವರೇ ಕೈ ತಪ್ಪಿತು ಅಂತ ಬೇಜಾರು ಮಾಡಿಕೊಂಡರು. ಅಂದರೆ ಪ್ರೋಗ್ರಾಂ ಬಿಡದೇ ಅಲ್ಲೇ ಕೂತಿದ್ದರೂ ಕೈ ಬದಲಾಗೋದು ತಪ್ಪೋದಿಲ್ಲ.

ಇಷ್ಟಕ್ಕೂ ಎರಡೂ ಹುಟ್ಟಿದ್ದು ಹೆಚ್ಚು ಕಡಿಮೆ ಒಂದೇ ರೀತಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡ್ತಿದ್ದ ಥಾಮಸ್ ನೋಲ್ 1987ರಲ್ಲಿ ತನ್ನ ಕಂಪ್ಯೂಟರಿನ ಕಪ್ಪು ಬಿಳುಪು ಪರದೆ ಮೇಲೆ ನಡುವಣ ಬೂದು ಬಣ್ಣ ತೋರಿಸೋದಕ್ಕೆ ಅಂತ ಬರೆಯಲು ಶುರು ಮಾಡಿದ್ದು. ಅವನ ತಮ್ಮ ಜಾನ್ ನೋಲ್ ಸಿನಿಮಾದ ವಿಶೇಷ ದೃಶ್ಯಗಳ ಕಂಪನಿಯಲ್ಲಿ ಕೆಲಸಕ್ಕಿದ್ದ, ಅವನು ಅದರ ಬೆಲೆ ಕಂಡುಕೊಂಡ. 1990ರಲ್ಲಿ ಮ್ಯಾಕಿಂಟಾಷ್‌ಗೆ ಮೊದಲ ಫೋಟೊಶಾಪ್ ಬಂತು. ಅದರಲ್ಲಿ ಲೇಯರೇ ಇರಲಿಲ್ಲ, ಲೇಯರ್ ಬಂದದ್ದು 1994ರ ಮೂರನೇ ಆವೃತ್ತಿಯಲ್ಲಿ. ಮರು ವರ್ಷವೇ, 1995ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ ಅನ್ನೋ ಇಬ್ಬರು ಗಿಂಪ್ ಶುರು ಮಾಡಿದರು, 1996ರಲ್ಲಿ ಅದು ಎಲ್ಲರ ಕೈಗೂ ಬಂತು. ಅದರ ಗುಂಡಿ, ಕಿಟಕಿ, ಮೆನು ಬರೆಯೋದಕ್ಕೆ ಅಂತ ಅವರು ಮಾಡಿಕೊಂಡ ಸಾಮಾನುಗಳೇ ಮುಂದೆ ಜಿಟಿಕೆ ಅಂತ ಬೆಳೆದು, ಲಿನಕ್ಸಿನ ಗ್ನೋಮ್ ಡೆಸ್ಕ್‌ಟಾಪಿಗೆ ಅಡಿಪಾಯ ಆದವು. ಇಷ್ಟು ಹಿರೀ ಕೆಲಸವನ್ನ ನಮ್ಮ ಕಡೆ "ಫ್ರೀ ಸಾಫ್ಟ್‌ವೇರ್ ಅಲ್ವಾ, ಅಷ್ಟೇ ಇರುತ್ತೆ" ಅಂತ ಪಕ್ಕಕ್ಕೆ ಸರಿಸ್ತಾರೆ. ನನಗೆ ಅದು ಸಹಿಸಲ್ಲ.

ಕೈ ಆಯ್ತು. ಇನ್ನು ತಲೆ ಕೆಡಿಸೋ ವಿಷಯ ಎರಡಿವೆ, ಎರಡಕ್ಕೂ ಕಾರಣ ಇದೆ. ಕಾರಣ ಗೊತ್ತಾದ ದಿನ ಸಿಟ್ಟು ಇಳಿಯುತ್ತೆ.

ಒಂದು, ಲೇಯರಿನ ಅಂಚು. ಫೋಟೊಶಾಪಿನಲ್ಲಿ ಲೇಯರ್ ಅಂದರೆ ಅಂಚಿಲ್ಲದ ಗಾಜು ಇದ್ದ ಹಾಗೆ, ಎಲ್ಲಿ ಬೇಕಾದರೂ ಬ್ರಷ್ ಆಡಿಸಬಹುದು. ಗಿಂಪಿನಲ್ಲಿ ಪ್ರತಿ ಲೇಯರಿಗೂ ಅದರದೇ ಅಳತೆ. ಸುತ್ತ ಹಳದಿ ಚುಕ್ಕೆ ಗೆರೆ ಕಾಣುತ್ತೆ, ಅದರಾಚೆ ಬ್ರಷ್ ಓಡಲ್ಲ. ಮದುಮಗಳ ಚಿತ್ರ ಕಟಿಂಗ್ ಮಾಡಿ ಹೊಸ ಹಿನ್ನೆಲೆ ಮೇಲೆ ತಂದು ಇಟ್ಟು, ಸೆರಗಿನ ಪಕ್ಕ ನೆರಳು ಹಾಕೋಣ ಅಂದರೆ ಬಣ್ಣವೇ ಬೀಳಲ್ಲ. ಹೊಸಬರು "ಕೆಟ್ಟಿದೆ ಇದು" ಅಂತಾರೆ. ಕೆಟ್ಟಿಲ್ಲ. ಲೇಯರ್ ಮೆನುವಿಗೆ ಹೋಗಿ ಲೇಯರನ್ನ ಇಡೀ ಚಿತ್ರದ ಅಳತೆಗೆ ಹಿಗ್ಗಿಸಿದರೆ ಮುಗೀತು. ಅಂಚು ಇರೋದರಿಂದ ಆಗೋ ಉಪಕಾರವೂ ಇದೆ. ಯಾವ ತುಂಡು ಎಲ್ಲಿಂದ ಎಲ್ಲೀವರೆಗೆ ಅಂತ ಕಣ್ಣಿಗೇ ಕಾಣುತ್ತೆ, ಆಲ್ಬಮ್ಮಿನ ಒಂದು ಹಾಳೆಯಲ್ಲಿ ಹತ್ತಾರು ಫೋಟೊ ಸಾಲಾಗಿ ಹೊಂದಿಸುವಾಗ ಅಂಚಿಗೆ ಅಂಚು ಕೂರಿಸೋದು ಸುಲಭ. 2025ರ ಮಾರ್ಚಿನಲ್ಲಿ ಬಂದ ಗಿಂಪ್ 3ರಲ್ಲಿ ಬ್ರಷ್ ಹೋದಂತೆ ಲೇಯರೂ ಹಿಗ್ಗೋ ಆಯ್ಕೆ ಕೊಟ್ಟಿದ್ದಾರೆ. ಅಂಟಿಸಿದ ತುಂಡು ಲೇಯರೂ ಅಲ್ಲದೆ ಸೆಲೆಕ್ಷನ್ನೂ ಅಲ್ಲದೆ ತೇಲ್ತಾ ಇರೋ ಹಳೇ ತಾಪತ್ರಯವೂ ಅದರಲ್ಲಿ ಇಲ್ಲ, ಅಂಟಿಸಿದರೆ ನೇರ ಹೊಸ ಲೇಯರ್ ಆಗುತ್ತೆ. ಅವನು ಈಗ ಶುರು ಮಾಡೋದರಿಂದ ಅಷ್ಟರ ಮಟ್ಟಿಗೆ ಪುಣ್ಯವಂತ.

ಇನ್ನೊಂದು ಸೇವ್. 2012ರಲ್ಲಿ ಬಂದ 2.8ರಿಂದ ಗಿಂಪ್ ಒಂದು ನಿಯಮ ಇಟ್ಕೊಂಡಿದೆ: ಸೇವ್ ಅಂದರೆ ಅದರ ಸ್ವಂತ ಎಕ್ಸ್‌ಸಿಎಫ್ ಫೈಲ್ ಮಾತ್ರ, ಜೆಪೆಗ್ ಬೇಕಾದರೆ ಎಕ್ಸ್‌ಪೋರ್ಟ್ ಮಾಡು. (ಎಕ್ಸ್‌ಸಿಎಫ್ ಅನ್ನೋದು ಬರ್ಕ್ಲಿಯಲ್ಲಿ ಆ ಹುಡುಗರು ಸೇರುತ್ತಿದ್ದ ವಿದ್ಯಾರ್ಥಿ ಕೂಟದ ಹೆಸರು.) ಆಗ ಬಹಳ ಜನ ಜಗಳಾಡಿದರು, ಒಂದು ಪಾಸ್‌ಪೋರ್ಟ್ ಫೋಟೊಗೂ ಇಷ್ಟು ಶಾಸ್ತ್ರ ಯಾಕೆ ಅಂತ. ನಾನು ಗಿಂಪಿನ ಪಕ್ಷ. ಜೆಪೆಗ್ ಮಾಡಿದ ಕೂಡಲೆ ಲೇಯರೆಲ್ಲಾ ಒತ್ತಿ ಒಂದಾಗುತ್ತೆ, ಮೇಲೆ ಗಾತ್ರ ಇಳಿಸೋದಕ್ಕೆ ಸೂಕ್ಷ್ಮ ವಿವರವನ್ನೂ ಎಸೆಯುತ್ತೆ. ಅದನ್ನೇ ತೆರೆದು ತಿದ್ದಿ ಮತ್ತೆ ಜೆಪೆಗ್ ಮಾಡಿದರೆ ಇನ್ನಷ್ಟು ಹೋಗುತ್ತೆ. ಸ್ಟುಡಿಯೋ ಕೆಲಸದಲ್ಲಿ ಗಿರಾಕಿ ಮತ್ತೆ ಬಂದೇ ಬರ್ತಾರೆ. ಗೃಹಪ್ರವೇಶದ ಬ್ಯಾನರಿನ ಹುಡುಗನಿಗೆ ಈಗ ಮದುವೆ, ಅದೇ ಫೋಟೊ, ಬೇರೆ ಹೆಸರು, ಬೇರೆ ತಾರೀಖು. ಲೇಯರಿದ್ದ ಫೈಲ್ ಇದ್ದರೆ ಕಾಲು ಗಂಟೆ ಕೆಲಸ, ಬರೀ ಜೆಪೆಗ್ ಇದ್ದರೆ ಮೊದಲಿಂದ. ಮೂಲ ಬೇರೆ, ಗಿರಾಕಿಗೆ ಕೊಡೋ ಪ್ರತಿ ಬೇರೆ ಅನ್ನೋ ಶಿಸ್ತನ್ನ ಆ ಪ್ರೋಗ್ರಾಮೇ ಕಲಿಸುತ್ತೆ, ಹೊಸದಾಗಿ ಅಂಗಡಿ ಇಡೋ ಹುಡುಗನಿಗೆ ಅದಕ್ಕಿಂತ ಒಳ್ಳೇ ಅಭ್ಯಾಸ ಬೇರೆ ಇಲ್ಲ.

ಈಗ ನನಗೆ ಪ್ರೀತಿಯ ಕೆಲಸಕ್ಕೆ ಬರ್ತೀನಿ. ನಮ್ಮ ಸ್ಟುಡಿಯೋಗಳಿಗೆ ಬರೋ ಕೆಲಸಗಳಲ್ಲಿ ಬಹಳ ದೊಡ್ಡದು, ತೀರಿಕೊಂಡವರ ಫೋಟೊ. ತಿಥಿಗೆ ಮುಂಚೆ ಬರ್ತಾರೆ. ಇರೋದು ಹಳೇ ಗುಂಪು ಚಿತ್ರದಲ್ಲಿ ಉಗುರಿನಷ್ಟು ಮುಖ, ಇಲ್ಲಾ ಗುರುತಿನ ಚೀಟಿ ಮೇಲಿನ ಸೀಲು ಬಿದ್ದ ತುಂಡು. ಅದನ್ನ ಗೋಡೆಗೆ ಹಾಕೋ ಅಳತೆಗೆ ಮಾಡಿಕೊಡಬೇಕು. ಇಲ್ಲಿ ಯಾವ ಪ್ರೋಗ್ರಾಂ ಅನ್ನೋದು ಅರ್ಧ ಪಾಲೂ ಅಲ್ಲ. ಸೀಲಿನ ಮಸಿ ಕೆನ್ನೆ ಮೇಲೆ ಬಿದ್ದಿದ್ದರೆ ಅದನ್ನ ತೆಗೆಯೋದಕ್ಕೆ ಹೀಲಿಂಗ್ ಬ್ರಷ್ ಬೇಕು. ಫೋಟೊಶಾಪಿಗೆ ಅದು 2002ರ ಏಳನೇ ಆವೃತ್ತಿಯಲ್ಲಿ ಬಂತು, ಕರ್ನಾಟಕದ ಎಷ್ಟೋ ಸ್ಟುಡಿಯೋಗಳು ಬಹಳ ವರ್ಷ ಆ ಏಳನ್ನ ಬಿಡಲಿಲ್ಲ. ಗಿಂಪಿನಲ್ಲೂ ಹೀಲ್ ಇದೆ, ಎಚ್ ಒತ್ತಿದರೆ ಸಿಗುತ್ತೆ. ಒಳ್ಳೇ ಚರ್ಮ ಎಲ್ಲಿಂದ ತಗೋಬೇಕು ಅಂತ ತೋರಿಸೋದಕ್ಕೆ ಅಲ್ಲಿ ಆಲ್ಟ್ ಹಿಡಿದು ಒತ್ತುತ್ತಿದ್ವಿ, ಇಲ್ಲಿ ಕಂಟ್ರೋಲ್ ಹಿಡಿದು ಒತ್ತಬೇಕು. ಲಿನಕ್ಸಿನ ಎಷ್ಟೋ ಡೆಸ್ಕ್‌ಟಾಪಿನಲ್ಲಿ ಆಲ್ಟ್ ಹಿಡಿದು ಎಳೆದರೆ ಕಿಟಕಿಯೇ ಜರುಗಿಬಿಡುತ್ತೆ, ಅದಕ್ಕೇ ಕಂಟ್ರೋಲ್ ಇರೋದೇ ಒಳ್ಳೇದು.

ಆದರೆ ಎಲ್ಲಿಂದ ತಗೋಬೇಕು ಅನ್ನೋದನ್ನ ಪ್ರೋಗ್ರಾಂ ಹೇಳಲ್ಲ. ಬೆಳಕು ಎಡಗಡೆಯಿಂದ ಬಿದ್ದಿದ್ದರೆ ಬಲಗೆನ್ನೆ ಚರ್ಮ ತಂದು ಎಡಗೆನ್ನೆಗೆ ಹಾಕಬಾರದು. ಮೂಗಿನ ಪಕ್ಕದ ನೆರಳು ಅಳಿಸಿದರೆ ಮುಖ ಚಪ್ಪಟೆ ಆಗಿ ಬೇರೆಯವರ ಹಾಗೆ ಕಾಣುತ್ತೆ. ಅಜ್ಜಿಯ ಹಣೆಯ ಸುಕ್ಕು ಪೂರ್ತಿ ತೆಗೆದರೆ ಮಗಳು ಗುರುತಿಸೋದಿಲ್ಲ. ಇನ್ನೊಂದು ಇದೆ, ಇದನ್ನ ನಿಮ್ಮ ಮೊಮ್ಮಗನಿಗೆ ಒತ್ತಿ ಹೇಳಿ: ಕಪ್ಪಗಿದ್ದವರನ್ನ ಬೆಳ್ಳಗೆ ಮಾಡಬಾರದು. ಗಿರಾಕಿ ಕೇಳಿದರೂ ಒಂದು ಸಲ ಸಮಾಧಾನವಾಗಿ ಹೇಳಿ ನೋಡಬೇಕು. ಹೊಲದಲ್ಲಿ ಆಯುಸ್ಸು ಕಳೆದ ಮನುಷ್ಯನ ಮುಖವನ್ನ ಕರ್ವ್ಸ್ ಎತ್ತಿ ಹಾಲಿನ ಹಾಗೆ ಮಾಡಿ ಗೋಡೆಗೆ ಹಾಕಿದರೆ, ಮೊಮ್ಮಕ್ಕಳು ನೋಡೋದು ಯಾರನ್ನ? ನನಗೆ ಈ ವಿಷಯದಲ್ಲಿ ಮಾತು ಜಾಸ್ತಿ ಆಗುತ್ತೆ, ಬಿಡಿ. ಹೇಳಬೇಕಾದ್ದು ಇಷ್ಟೇ, ಈ ತಿಳಿವಳಿಕೆ ಕಣ್ಣಿನಲ್ಲಿ ಇರೋದು. ಅದು ಯಾವ ಪ್ರೋಗ್ರಾಮಿಗೆ ಹೋದರೂ ಒಂದು ಚೂರೂ ಕಡಿಮೆ ಆಗದೇ ಜೊತೆಗೆ ಬರುತ್ತೆ. ಗಿಂಪಿನಲ್ಲಿ ವೇವ್‌ಲೆಟ್ ಡಿಕಂಪೋಸ್ ಅಂತ ಒಂದಿದೆ, 2018ರ 2.10ರಿಂದ ಒಳಗೇ ಬರುತ್ತೆ. ಅದು ಫೋಟೊವನ್ನ ಸೂಕ್ಷ್ಮ ಗೆರೆ, ಅದಕ್ಕಿಂತ ದಪ್ಪ ಗೆರೆ, ಕೊನೆಗೆ ಬರೀ ಬಣ್ಣ ಅಂತ ಬೇರೆ ಬೇರೆ ಲೇಯರಾಗಿ ಬಿಡಿಸಿ ಕೊಡುತ್ತೆ. ಚರ್ಮದ ಕಲೆ ತೆಗೆದು, ರಂಧ್ರ ಸುಕ್ಕು ಹಾಗೇ ಉಳಿಸೋದಕ್ಕೆ ಅದರಂಥದ್ದು ಇನ್ನೊಂದಿಲ್ಲ. ಫೋಟೊಶಾಪಿನವರು ಇದನ್ನ ಕೈಯಲ್ಲೇ ಹಂತ ಹಂತವಾಗಿ ಕಟ್ಟಿಕೊಳ್ತಾರೆ.

ಇನ್ನು ಕನ್ನಡ. ನೀವು ಬೇಲಿ ಹತ್ತಿರ ಬಂದು ನಿಂತಿದ್ದೇ ಇದಕ್ಕೆ ಅಂತ ನನಗೆ ಗೊತ್ತು.

ಏಳನೇ ಆವೃತ್ತಿಯಂಥ ಹಳೇ ಫೋಟೊಶಾಪಿಗೆ ಕನ್ನಡ ಜೋಡಿಸೋದು ಬರ್ತಿರಲಿಲ್ಲ. ಯೂನಿಕೋಡಿನಲ್ಲಿ 'ಲಕ್ಷ್ಮಿ' ಅಂತ ಹಾಕಿದರೆ ಕ ಒಂದು ಕಡೆ, ಅರ್ಧಚಂದ್ರ ಒಂದು ಕಡೆ, ಷ ಮ ಬಿಡಿಬಿಡಿ. ಒತ್ತು ಕೆಳಗೆ ಇಳಿಯುತ್ತಲೇ ಇರಲಿಲ್ಲ. ಅದಕ್ಕೇ ನಾವೆಲ್ಲಾ ನುಡಿ, ಶ್ರೀಲಿಪಿಯ ಹಳೇ ಥರದ ಫಾಂಟಿನಲ್ಲಿ ಕೆಲಸ ಮಾಡಿದ್ದು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿದ್ದರು, ನಿಮ್ಮ ಮೊಳೆಗಳ ಹಾಗೇನೇ. ನುಡಿಯಲ್ಲಿ ನಾವು ಕಾಣೋ 'ಕ' ಕಂಪ್ಯೂಟರಿಗೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೀಟಿರೋ ಒಂದು ಎ. ಕಣ್ಣಿಗೆ ಕನ್ನಡ, ಒಳಗೆ ಕನ್ನಡ ಅಲ್ಲ. ಆ ಕಾಲಕ್ಕೆ ಅದು ದೊಡ್ಡ ಉಪಕಾರ, ಅದಿಲ್ಲದೇ ಇದ್ದಿದ್ದರೆ ನಮ್ಮ ಊರುಗಳಲ್ಲಿ ಒಂದು ಲಗ್ನಪತ್ರಿಕೆಯೂ ಕಂಪ್ಯೂಟರಿನಲ್ಲಿ ಆಗ್ತಿರಲಿಲ್ಲ. ಆದರೆ ಫೈಲನ್ನ ಆ ಫಾಂಟಿಲ್ಲದ ಕಡೆ ತೆರೆದರೆ ಬರೀ ಗೀಟುಗಳ ರಾಶಿ.

ಈಗಿನ ಕೆಲಸ ಹೇಗೆ ಬರುತ್ತೆ ನೋಡಿ. ಗಿರಾಕಿ ಹೆಸರು, ಗೋತ್ರ, ಮುಹೂರ್ತ ಎಲ್ಲಾ ವಾಟ್ಸ್ಯಾಪಿನಲ್ಲಿ ಕಳಿಸ್ತಾರೆ, ಅದು ಯೂನಿಕೋಡ್. ಹಳೇ ದಾರಿಯಲ್ಲಿ ಅದನ್ನ ನೋಡಿಕೊಂಡು ಮತ್ತೆ ಬೆರಳಚ್ಚು ಮಾಡಬೇಕು, ಇಲ್ಲಾ ಪರಿವರ್ತಕದಲ್ಲಿ ಹಾಕಿ ತೆಗೆಯಬೇಕು. ಎರಡರಲ್ಲೂ ಹೆಸರು ಕೆಡೋ ಭಯ. ಅರ್ಕಾವತ್ತು ಜಾಗ ತಪ್ಪುತ್ತೆ, ದೀರ್ಘ ಬಿದ್ದುಹೋಗುತ್ತೆ. ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರು ತಪ್ಪಾದರೆ ಏನಾಗುತ್ತೆ ಅಂತ ಪ್ರೆಸ್ಸಿನವರಿಗೆ ನಾನು ಹೇಳಬೇಕಾ? ಗಿಂಪಿನಲ್ಲಿ ಅಕ್ಷರ ಕೂರಿಸೋ ಕೆಲಸ ಮಾಡೋದು ಪ್ಯಾಂಗೊ, ಹಾರ್ಫ್‌ಬಜ್ ಅನ್ನೋ ಎರಡು ಸಾಮಾನು. ಅವುಗಳಿಗೆ ಕನ್ನಡದ ಒತ್ತು, ಕೊಂಬು, ಐತ್ವ ಎಲ್ಲಾ ಗೊತ್ತು. ಗಿರಾಕಿಯ ಸಂದೇಶದಿಂದ ತೆಗೆದು ನೇರ ಅಂಟಿಸಿದರೆ ಅವರು ಬರೆದ ಹಾಗೇ, ಅಕ್ಷರ ಅಕ್ಷರಕ್ಕೂ ಸರಿಯಾಗಿ ಬರುತ್ತೆ. 'ಜ್ಯೋತ್ಸ್ನಾ' ಅಂತ ಹಾಕಿ ನೋಡಲಿ, ಎರಡು ಒತ್ತು ಒಂದರ ಕೆಳಗೊಂದು ಮರ್ಯಾದೆಯಾಗಿ ಕೂರುತ್ತೆ. ಈಚಿನ ಫೋಟೊಶಾಪಿನಲ್ಲೂ ಸೆಟ್ಟಿಂಗಿಗೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕಿಕೊಂಡರೆ ಕನ್ನಡ ಸರಿ ಬರುತ್ತೆ, ಇಲ್ಲ ಅನ್ನಲ್ಲ. ಇಲ್ಲಿ ಏನೂ ಹಾಕಿಕೊಳ್ಳದೇ ಬರುತ್ತೆ.

ಮತ್ತೆ ಇದೊಂದರಲ್ಲಿ ಕೈಗೆ ನಷ್ಟವೇ ಇಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸವೇ ನುಡಿಗೆ ಆಧಾರ, ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ ಅದು ಕಗಪ ಅಂತ ಆಯ್ತು. ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲೂ ಕಗಪ ಇದೆ. ನುಡಿಯಲ್ಲಿ ಬೆರಳಾಡಿಸಿದವರು ಅದೇ ಬೆರಳಿನಲ್ಲಿ ಯೂನಿಕೋಡ್ ಬರೀಬಹುದು. ಫಾಂಟು? ಗುಬ್ಬಿ, ನವಿಲು ಇವೆ, ನೋಟೋ ಇದೆ, ಬ್ಯಾನರಿಗೆ ದಪ್ಪಗೆ ಬಾಲೂ ತಮ್ಮ ಇದೆ, ಅಕಾಯ ಕನ್ನಡಕ ಇದೆ, ಸಣ್ಣಕ್ಷರಕ್ಕೆ ಟೀರೋ ಕನ್ನಡ ಚೆನ್ನ. ಎಲ್ಲಾ ಬಿಟ್ಟಿ, ಕಾಯ್ದೆಬದ್ಧ. ಹಳೇ ಫಾಂಟುಗಳಲ್ಲಿದ್ದಷ್ಟು ಸೊಗಸು ಸೊಗಸಿನ ಬಗೆ ಇನ್ನೂ ಯೂನಿಕೋಡಿನಲ್ಲಿ ಬಂದಿಲ್ಲ ಅನ್ನೋದು ನನ್ನ ಕೊರಗು. ಮದುವೆ ಕಾರ್ಡಿಗೆ ಬಳ್ಳಿ ಸುತ್ತಿದಂಥ ಅಕ್ಷರ ಕೇಳ್ತಾರೆ, ಹುಡುಕಬೇಕಾಗುತ್ತೆ. ಬ್ಯಾನರಿನ ಅಕ್ಷರಕ್ಕೆ ಬಿಳಿ ಅಂಚು ಕಟ್ಟೋದು ಮೊದಲು ದೊಡ್ಡ ಗೋಳಾಗಿತ್ತು, ಅಕ್ಷರ ಸೆಲೆಕ್ಟ್ ಮಾಡಿ, ಹಿಗ್ಗಿಸಿ, ಕೆಳಗೆ ಲೇಯರ್ ಹಾಕಿ ಬಣ್ಣ ತುಂಬಬೇಕು. ಹೆಸರು ಬದಲಾದರೆ ಮತ್ತೆ ಮೊದಲಿಂದ. ಗಿಂಪ್ 3ರಲ್ಲಿ ಅಂಚು ಅಕ್ಷರಕ್ಕೇ ಸೇರಿದೆ, ಹೆಸರು ತಿದ್ದಿದರೆ ಅಂಚೂ ತಾನೇ ತಿದ್ದಿಕೊಳ್ಳುತ್ತೆ.

"ಆಫ್‌ಸೆಟ್ಟಿಗೆ ಹೋಗೋದಕ್ಕೆ?" ಕೇಳ್ತೀರಿ ಅಂತ ಗೊತ್ತಿತ್ತು. ಇಲ್ಲಿ ಉಬ್ಬಿಸಿ ಹೇಳಲ್ಲ. ಗಿಂಪ್ ಕೆಲಸ ಮಾಡೋದು ಪರದೆಯ ಮೂರು ಬಣ್ಣದಲ್ಲಿ, ನಿಮ್ಮ ನಾಲ್ಕು ಪ್ಲೇಟಿನ ಬಣ್ಣದಲ್ಲಿ ಅಲ್ಲ. ಫೋಟೊ ಲ್ಯಾಬಿಗೆ ಹೋಗೋ ಆಲ್ಬಂ, ಪಾಸ್‌ಪೋರ್ಟ್ ಫೋಟೊ ಎಲ್ಲಾ ಮೂರು ಬಣ್ಣದ ಜೆಪೆಗ್ಗೇ, ಅಲ್ಲಿ ತೊಂದರೆ ಇಲ್ಲ. ಮೂರನೇ ಆವೃತ್ತಿಯಲ್ಲಿ ಅಚ್ಚಿನಲ್ಲಿ ಹೇಗೆ ಕಾಣುತ್ತೆ ಅಂತ ಪರದೆ ಮೇಲೆ ನೋಡಬಹುದು, ನಾಲ್ಕು ಬಣ್ಣದ ಟಿಫ್ ಆಗಿ ಎಕ್ಸ್‌ಪೋರ್ಟ್ ಮಾಡಬಹುದು. ಆದರೆ ಸಣ್ಣ ಕಪ್ಪು ಅಕ್ಷರವನ್ನ ಅದರಲ್ಲೇ ಹಾಕಿ ಕಳಿಸಿದರೆ ಆ ಕಪ್ಪು ನಾಲ್ಕೂ ಮಸಿ ಸೇರಿದ ಕಪ್ಪಾಗುತ್ತೆ. ಮೆಷಿನ್ನಿನಲ್ಲಿ ಪ್ಲೇಟು ಕೂದಲೆಳೆ ಆಚೀಚೆ ಆದರೂ ಒತ್ತಕ್ಷರದ ಸಣ್ಣ ಸುಳಿಗಳಲ್ಲಿ ಬಣ್ಣದ ನೆರಳು ಕಾಣುತ್ತೆ. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಅಂಥ ಕೆಲಸಕ್ಕೆ ಫೋಟೊ ಮಾತ್ರ ಗಿಂಪಿನಲ್ಲಿ ಮಾಡಿ, ಅಕ್ಷರವನ್ನ ಸ್ಕ್ರೈಬಸ್ ಅನ್ನೋ ಇನ್ನೊಂದು ಪ್ರೋಗ್ರಾಮಿನಲ್ಲಿ ಬರೀ ಕಪ್ಪು ಮಸಿಯಾಗಿ ಕೂರಿಸಿ ಪಿಡಿಎಫ್ ಮಾಡಬೇಕು. 2024ರ ಜನವರಿಯಲ್ಲಿ ಬಂದ ಸ್ಕ್ರೈಬಸ್ 1.6ರಲ್ಲಿ ಕನ್ನಡದಂಥ ಲಿಪಿ ಜೋಡಣೆಗೂ ಬೆಂಬಲ ಇದೆ. ಎರಡು ಪ್ರೋಗ್ರಾಂ ಕಲೀಬೇಕಾ ಅಂತ ಹುಡುಗ ಗೊಣಗ್ತಾನೆ. ಕಲೀಬೇಕು.

ಇನ್ನೊಂದು ಕೊರತೆಯೂ ಇದೆ, ಮುಚ್ಚಿಡಬಾರದು. ಫೋಟೊಶಾಪಿನಲ್ಲಿ ಆಕ್ಷನ್ ಅಂತ ಇದೆ: ಒಂದು ಸಲ ಮಾಡಿದ ಕೆಲಸವನ್ನ ಅದು ನೆನಪಿಟ್ಟುಕೊಂಡು ಮತ್ತೆ ಮತ್ತೆ ಮಾಡುತ್ತೆ. ಪಾಸ್‌ಪೋರ್ಟ್ ಫೋಟೊವನ್ನ 35 ಗುಣಿಸು 45 ಮಿಲಿಮೀಟರಿಗೆ ಕತ್ತರಿಸು, ಸುತ್ತ ಬಿಳಿ ಅಂಚು ಬಿಡು, 4 ಗುಣಿಸು 6 ಇಂಚಿನ ಹಾಳೆಯಲ್ಲಿ 8 ಕೂರಿಸು, ಒಂದೇ ಗುಂಡಿಯಲ್ಲಿ ಆಗ್ತಿತ್ತು. ಗಿಂಪಿಗೆ ಹಾಗೆ ನೋಡಿ ಕಲಿಯೋದು ಬರಲ್ಲ, ಸ್ಕ್ರಿಪ್ಟ್ ಬರೆದು ಕೊಡಬೇಕು. ಸ್ಕ್ರಿಪ್ಟ್‌ಫು ಅಥವಾ ಪೈಥಾನಿನಲ್ಲಿ ಬರೀಬಹುದು, ಎಂಜಿನಿಯರಿಂಗ್ ಓದೋ ಹುಡುಗರನ್ನ ಹಿಡಿದು ಕೂರಿಸಿದರೆ ಒಂದು ಸಂಜೆ ಕೆಲಸ. ಅಳತೆ ಮಾತ್ರ ನಾವು ಸರಿಯಾಗಿ ಹೇಳಬೇಕು, ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ ಅದು 413 ಗುಣಿಸು 531 ಚುಕ್ಕೆ. ಹಳೇ ಸ್ಕ್ರಿಪ್ಟುಗಳನ್ನ ಮೂರನೇ ಆವೃತ್ತಿಗೆ ತಿದ್ದದೇ ತಂದರೆ ಎಷ್ಟೋ ಓಡಲ್ಲ, ಅದೂ ಗೊತ್ತಿರಲಿ.

ಮತ್ತೆ ಮಾರ್ಕೆಟ್ಟಿನಲ್ಲಿ ಸಿಗೋ ಆಲ್ಬಂ ಡಿಸೈನ್. 12 ಗುಣಿಸು 36 ಇಂಚಿನ ಹಾಳೆಗಳು, ಎಲ್ಲಾ ಪಿಎಸ್‌ಡಿ ಫೈಲು. ಗಿಂಪ್ ಅದನ್ನ ತೆರೆಯುತ್ತೆ, ಲೇಯರ್, ಗುಂಪು, ಮಾಸ್ಕ್ ಬರ್ತವೆ. ಆದರೆ ಅದರೊಳಗಿನ ಅಕ್ಷರ ಚಿತ್ರವಾಗಿ ಬರುತ್ತೆ, ತಿದ್ದೋದಕ್ಕೆ ಆಗಲ್ಲ. ಸ್ಮಾರ್ಟ್ ಆಬ್ಜೆಕ್ಟಿನ ಜಾಣತನವೂ ಉಳಿಯಲ್ಲ. ಅಂಥ ಸಿದ್ಧ ಡಿಸೈನ್ ಮೇಲೇ ಅಂಗಡಿ ನಡೆಸೋ ಆಲೋಚನೆ ಇದ್ದರೆ ಅವನು ಫೋಟೊಶಾಪಿನ ಚಂದಾ ಕಟ್ಟೋದೇ ಸರಿ, ನಾನು ಹಟ ಮಾಡಲ್ಲ. 2012ರ ಸಿಎಸ್6 ಆದ ಮೇಲೆ ಒಂದೇ ಸಲ ದುಡ್ಡು ಕೊಟ್ಟು ಇಟ್ಟುಕೊಳ್ಳೋ ಹೊಸ ಆವೃತ್ತಿ ಬರಲಿಲ್ಲ, 2013ರಿಂದ ತಿಂಗಳ ಇಲ್ಲಾ ವರ್ಷದ ಚಂದಾ. ಅಂಗಡಿಗೆ ಅದು ಬಾಡಿಗೆ, ಕರೆಂಟು ಬಿಲ್ಲಿನ ಜೊತೆಗಿನ ಇನ್ನೊಂದು ಖರ್ಚು, ಕೆಲಸ ಅದನ್ನ ದುಡಿದು ಕೊಟ್ಟರೆ ಕಟ್ಟಲಿ. ಒಂದೇ ಮಾತು: ಕದ್ದ ಪ್ರತಿ ಮಾತ್ರ ಹಾಕಿಸಬೇಡಿ. ನಮ್ಮ ಊರುಗಳಲ್ಲಿ ಸಿಡಿ ಕೈಯಿಂದ ಕೈಗೆ ಹೋಗಿ ಅದೇ ರೂಢಿ ಆಗಿತ್ತು. ಗಿರಾಕಿಗಳ ಮನೆಯ ಮದುವೆ, ಮಕ್ಕಳ ಫೋಟೊ ಎಲ್ಲಾ ಇರೋ ಕಂಪ್ಯೂಟರಿಗೆ ಯಾರೋ ಬೀಗ ಮುರಿದು ಕೊಟ್ಟ ಪ್ರೋಗ್ರಾಂ ಹಾಕೋದು ಆ ಮನೆಗಳಿಗೆ ಮಾಡೋ ದ್ರೋಹ. ಗಿಂಪ್ ಎಷ್ಟು ಕಂಪ್ಯೂಟರಿಗಾದರೂ ಹಾಕಿಕೊಳ್ಳಲಿ, ಯಾರನ್ನೂ ಕೇಳಬೇಕಾಗಿಲ್ಲ.

ಅಂಗಡಿ ಪೂಜೆಗೆ ಮುಂಚೆ ಅವನು ಮಾಡಬೇಕಾದ ಕೆಲಸ ಹೇಳಿಬಿಡ್ತೀನಿ, ಅದನ್ನ ಮಾಡಿದರೆ ಉಳಿದದ್ದು ತಾನೇ ಬರುತ್ತೆ. ಇಷ್ಟು ದಿನ ಬೇರೆಯವರ ಸ್ಟುಡಿಯೋದಲ್ಲಿ ಕಲೀತಾ ತನ್ನದೂ ಅಂತ ಮಾಡಿಟ್ಟುಕೊಂಡ ಪಿಎಸ್‌ಡಿಗಳು ಇರ್ತವಲ್ಲ, ಫೋಟೊಶಾಪ್ ಇನ್ನೂ ಕೈಗೆ ಸಿಗೋವಾಗಲೇ ಅವನ್ನ ಒಂದೊಂದಾಗಿ ತೆರೀಲಿ. ಅಕ್ಷರ ಇರೋ ಕಡೆ ಆ ಸಾಲುಗಳನ್ನ ಬೇರೆ ಒಂದು ಫೈಲಿನಲ್ಲಿ ಯೂನಿಕೋಡಿನಲ್ಲಿ ಬರೆದಿಡಲಿ, ಫೋಟೊವನ್ನ ಪೂರ್ತಿ ಅಳತೆಯ ಟಿಫ್ ಮಾಡಿಡಲಿ, ಮೂಲ ಪಿಎಸ್‌ಡಿಯನ್ನೂ ಅಳಿಸದೇ ಪಕ್ಕದಲ್ಲೇ ಇಡಲಿ. ಆಮೇಲೆ ಸ್ವಲ್ಪ ದಿನ ಗಿರಾಕಿ ಕೆಲಸ ಯಾವುದೂ ತಗೊಳ್ಳದೇ ಮನೆಯವರ ಫೋಟೊಗಳನ್ನೇ ಗಿಂಪಿನಲ್ಲಿ ತಿದ್ದಲಿ. ನಿಮ್ಮ ಪ್ರೆಸ್ಸಿನ ಮುಂದೆ ಟ್ರೆಡಲ್ ಜೊತೆ ನಿಂತು ತೆಗೆಸಿಕೊಂಡ ಫೋಟೊ ಮಡಿಕೆ ಬಿದ್ದಿದೆ ಅಂತಿದ್ರಲ್ಲ, ಅದನ್ನೇ ಮೊದಲು ಕೊಡಿ. ಬೆಳಕು ಬಾಗಿಲ ಕಡೆಯಿಂದ ಬಿದ್ದಿದೆ, ಎಡಗಡೆ ನೆರಳು ಅಳಿಸಬೇಡ ಅಂತ ಹೇಳಿ ಕೊಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಭಾನುವಾರ ಮಧ್ಯಾಹ್ನ ನಾನು ಮನೇಲೇ ಇರ್ತೀನಿ, ಲ್ಯಾಪ್‌ಟಾಪ್ ಹಿಡಿದುಕೊಂಡು ಬರಲಿ.